ಗಟ್ಟಿಗಿತ್ತಿಯ ಒಂದೂವರೆ ಮೊಳ

ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆದ ಮೇಲೆ ನನ್ನ ಮೊದಲ ಕೆಲಸ, ಹಿಂದಿನ ದಿನ ದುಡಿದ ಅಕ್ಷರಗಳ ಮುಖ ತೊಳೆಯುವುದು. ಬಟ್ಟಲಲ್ಲಿ ಎರಡು ಬೆರಳು ಸೀಮೆಎಣ್ಣೆ, ಹಳೇ ಪಂಚೆಯ ಚೂರು, ಸವೆದುಹೋದ ಹಲ್ಲುಜ್ಜುವ ಬ್ರಷ್ಷು. ಮರದ ಅಚ್ಚೊಂದನ್ನು ಎಡಗೈಯಲ್ಲಿ ಹಿಡಿದು ಮೊದಲು ತಲೆಕಟ್ಟು, ಆಮೇಲೆ ಹೊಟ್ಟೆ, ಕಡೆಗೆ ಸಂದಿಯಲ್ಲಿ ಕೂತ ಮಸಿ. ಒರೆಸಿ ಹಲಗೆಯ ಮೇಲೆ ಬೋರಲಾಗಿ ಇಡಬೇಕು. ಎದುರಿಗೆ ಪ್ರೆಸ್ಸಿನ ಒಡೆಯ ರಾಚಪ್ಪನವರ ಅಕ್ಕ ಗೌರತ್ತೆ ಗೋಡೆಗೊರಗಿ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದರು. ಅವರೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ. ಊರು ಗದ್ದಲ ಶುರು ಮಾಡುವ ಮೊದಲಿನ ಆ ಅರ್ಧ ಗಂಟೆಯನ್ನು ನಾವಿಬ್ಬರೂ ಬೆಲ್ಲದ ಚೂರಿನ ಹಾಗೆ ಚೀಪುತ್ತಿದ್ದೆವು.

ಗದ್ದಲ ಅಂದರೆ ಜನರದ್ದಲ್ಲ, ಗೋಡೆಗಳದ್ದು. ನಮ್ಮೂರಿನಲ್ಲಿ ಅಕ್ಷರದ ಮೇಲೆ ಬಿಸಿಲು ಬಿದ್ದರೆ ಅದು ಮಾತಾಡುತ್ತದೆ. ಕೈಯಲ್ಲಿ ಬರೆದದ್ದಾದರೆ ಬರೆದವರ ದನಿ, ಅಚ್ಚು ಹಾಕಿದ್ದಾದರೆ ಅಚ್ಚು ಕೊರೆದವರ ದನಿ. ಬಸ್ಸಿನಿಂದ ಹೊಸದಾಗಿ ಇಳಿದವರು ಒಂದು ದಿನ ಕಿವಿ ಮುಚ್ಚಿಕೊಂಡು ಓಡಾಡುತ್ತಾರೆ, ಎರಡನೇ ದಿನ ಯಾವುದಾದರೂ ಅಂಗಡಿಯ ಬೋರ್ಡಿನ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಆಮೇಲೆ ಒಗ್ಗಿಹೋಗುತ್ತಾರೆ. ಮಧ್ಯಾಹ್ನ ಒಂದಿಷ್ಟು ಮಲಗಬೇಕೆನ್ನುವವರು ಬೋರ್ಡಿಗೆ ಗೋಣಿಚೀಲ ಹೊದಿಸುತ್ತಾರೆ. ಆಸ್ಪತ್ರೆ ಬೀದಿಯಲ್ಲಿ ಕೂದಲೆಳೆಯಂಥ ಅಕ್ಷರ ಬಿಟ್ಟು ಬೇರೆ ಬರೆಯುವಂತಿಲ್ಲ. ಅಂಚೆಯವನು ಕಾಗದಗಳನ್ನು ದಪ್ಪನೆಯ ಕರೀ ಚೀಲದಲ್ಲಿ ತರುತ್ತಾನೆ. ಗುಟ್ಟಿನ ಕಾಗದ ಬಂದವರು ಅದನ್ನು ಕಂಬಳಿಯೊಳಗೆ ತಲೆ ತೂರಿಸಿ ಓದಿಕೊಳ್ಳುತ್ತಾರೆ. ಒಂದು ಸಲ ಬಂಡಿಬೀದಿಯ ಮೇಕೆಯೊಂದು ಟೂರಿಂಗ್ ಟಾಕೀಸಿನ ಪೋಸ್ಟರು ತಿಂದುಬಿಟ್ಟಿತು. ಆಮೇಲೆ ಎರಡು ದಿನ ಅದು ಬಾಯಿ ತೆರೆದಾಗಲೆಲ್ಲ ‘ಇದೇ ಕಡೆಯ ಆಟ’ ಅನ್ನುತ್ತಿತ್ತು. ಕೊಯ್ಯಲೆಂದು ಅದನ್ನು ತಂದಿದ್ದವನು ಆ ಮಾತು ಕೇಳಿ ಕತ್ತಿ ಕೆಳಗಿಟ್ಟ. ಮೇಕೆ ಈಗಲೂ ಇದೆ, ಮುದಿಯಾಗಿದೆ, ಸಿನಿಮಾ ಪೋಸ್ಟರಿನ ಹತ್ತಿರ ಹೋಗುವುದಿಲ್ಲ.

ರಾಚಪ್ಪನವರ ಪ್ರೆಸ್ಸಿನಲ್ಲಿ ಮೂರು ಬಗೆಯ ಅಕ್ಷರಗಳಿದ್ದವು. ಸೀಸದ ಸಣ್ಣಕ್ಷರ ಯಾವುದೋ ಊರಿನಿಂದ ತರಿಸಿದ್ದು. ಅದರ ದನಿ ಯಾರದೆಂದು ಯಾರಿಗೂ ಗೊತ್ತಿಲ್ಲ, ಮೂಗಿನಲ್ಲಿ ಗೊಣಗುವ ಗುಮಾಸ್ತನ ಹಾಗಿತ್ತು. ಮದುವೆ ಕಾಗದಕ್ಕೆ ಬಳ್ಳಿಯಕ್ಷರ. ಅದು ರಾಚಪ್ಪನವರ ತಂದೆ ಕೊರೆದದ್ದು, ಎಲೆಯಡಿಕೆ ದವಡೆಗೆ ಒತ್ತಿಕೊಂಡು ‘ತಾವೆಲ್ಲ ಬರಬೇಕು’ ಎಂದು ನಯವಾಗಿ ಕರೆಯುವ ದನಿ. ಆ ಮುದುಕರು ಸತ್ತು ಹದಿನೈದು ವರ್ಷವಾದರೂ ಊರಿನ ಒಂದೇ ಒಂದು ಮದುವೆ ಅವರು ಕರೆಯದೆ ನಡೆದಿಲ್ಲ. ಮೂರನೆಯದು ಗಟ್ಟಿಗಿತ್ತಿ.

ಗಟ್ಟಿಗಿತ್ತಿ ಹುಟ್ಟಿದ್ದು ಒಂದು ಗೋಡೆಗಾಗಿ. ಸಂತೆಬೀದಿಯಲ್ಲಿ ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೂವರೆ ಮೊಳ ಅಗಲದ ಗೋಡೆಪಟ್ಟಿ ಇದೆ. ಎತ್ತರ ಮಾತ್ರ ಎರಡಾಳು. ಊರಿನ ಬೀದಿಗಳೆಲ್ಲ ಬಂದು ಸೇರುವುದು ಅಲ್ಲೇ, ಹಾಗಾಗಿ ಅಲ್ಲಿ ಆಡಿದ ಮಾತು ಊರಿಗೆಲ್ಲ ಆಡಿದ ಹಾಗೆ. ಆದರೆ ನಮ್ಮ ಅಕ್ಷರ ದುಂಡಗಿನ ಜಾತಿ, ಕಾಲು ಚಾಚಿ ಕೂರುವಂಥದ್ದು. ದೊಡ್ಡದಾಗಿ ಹಾಕಿದರೆ ಪಟ್ಟಿಯಲ್ಲಿ ಮೂರಕ್ಕೆ ಜಾಗ, ನಾಲ್ಕನೆಯದು ಬಳೆ ಅಂಗಡಿಯೊಳಗೆ ಹೋಗಬೇಕು. ಸಣ್ಣದಾಗಿ ಹಾಕಿದರೆ ಗಿರಣಿಯ ಸದ್ದಿನಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಗೌರತ್ತೆ ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಲಸಿನ ಹಲಗೆಗಳನ್ನು ಮುಂದೆ ಹಾಕಿಕೊಂಡು, ಉಳಿ ಹಿಡಿದು, ಹೊಟ್ಟೆ ಒಳಗೆಳೆದುಕೊಂಡ ಅಕ್ಷರಗಳನ್ನು ಕೊರೆದರು. ಉದ್ದ ಒಂದು ಗೇಣಿಗಿಂತ ಹೆಚ್ಚು, ಅಗಲ ಮೂರೇ ಬೆರಳು. ಗೆರೆಗಳು ಮಾತ್ರ ಹೆಬ್ಬೆರಳಿನಷ್ಟು ದಪ್ಪ. ಅಕ್ಷರದೊಳಗಿನ ಬಿಳಿ ಜಾಗ ಓರೆ ಮಾಡಿದ ಬಾಗಿಲ ಸಂದಿಯಷ್ಟು. ಒತ್ತುಗಳನ್ನು ಪಕ್ಕಕ್ಕೆ ಹೋಗಗೊಡದೆ ಕಾಲ ಕೆಳಗೇ ಕೂರಿಸಿದ್ದರು, ಬಸ್ಸಿನಲ್ಲಿ ಗಂಟುಮೂಟೆಯನ್ನು ಸೀಟಿನಡಿಗೆ ತಳ್ಳುವ ಹಾಗೆ. ಒಂದು ಸಾಲು ಜೋಡಿಸಿ ನೋಡಿದರೆ, ತುಂಬಿದ ಬಸ್ಸಿನಲ್ಲಿ ಬುಟ್ಟಿ ಎತ್ತಿ ಹಿಡಿದು ನಿಂತ ಹೆಂಗಸರೇ ಸರಿ. ಭುಜಕ್ಕೆ ಭುಜ ತಾಗಿರುತ್ತದೆ, ಒಬ್ಬಳೂ ಬಾಗಿರುವುದಿಲ್ಲ.

ದನಿಯೂ ಹಾಗೇ. ಅದು ಗೌರತ್ತೆಯ ಇಪ್ಪತ್ತೆರಡರ ದನಿ. ಗಿರಣಿಯ ಸದ್ದನ್ನು ಸೀಳಿಕೊಂಡು ಬರುತ್ತಿತ್ತು, ಆದರೆ ಕಿರುಚುತ್ತಿರಲಿಲ್ಲ. ಗಟ್ಟಿಗಿತ್ತಿಗೆ ನಾಲ್ಕು ಪದ ಕೊಟ್ಟರೆ ಸಾಕು. ಆರು ದಾಟಿದರೆ ಜಗಳಕ್ಕೆ ನಿಂತ ಹಾಗೆ ಕೇಳುತ್ತದೆ, ಹತ್ತಾದರೆ ಜನ ಬೇರೆ ಬೀದಿ ಹಿಡಿಯುತ್ತಾರೆ. ಕಾಣೆಯಾದ ಎಮ್ಮೆಗೆ, ಕುಸ್ತಿಗೆ, ಹುಚ್ಚುನಾಯಿಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವಳನ್ನು ಬಿಟ್ಟರಿಲ್ಲ. ಸಮಾಧಾನ ಹೇಳುವುದಕ್ಕೂ ತಪ್ಪಾಯಿತು ಅನ್ನುವುದಕ್ಕೂ ಅವಳು ಆಗಿಬರುವುದಿಲ್ಲ. ಒಮ್ಮೆ ರಾಚಪ್ಪನವರು ಅವಸರದಲ್ಲಿ ಪಟೇಲರ ಸಾವಿನ ಸುದ್ದಿಯನ್ನು ಗಟ್ಟಿಗಿತ್ತಿಯಲ್ಲಿ ಹಾಕಿಬಿಟ್ಟರು. ‘ಪಟೇಲರು ಹೊರಟೇ ಹೋದರು’ ಎಂದು ಪಟ್ಟಿ ಕೂಗಿದ್ದು ಕುಸ್ತಿ ಗೆದ್ದವರ ಹೆಸರು ಕೂಗಿದ ಹಾಗಿತ್ತು. ರಾಚಪ್ಪನವರು ತಲೆ ತಗ್ಗಿಸಿಕೊಂಡು ಆ ಮನೆಗೆ ಹೋದರೆ, ಪಟೇಲರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರಂತೆ. ಇದ್ದಷ್ಟು ದಿನವೂ ಎಲ್ಲಿಗೂ ಹೊರಡದ ಮನುಷ್ಯ, ಹೋಗುವಾಗಲಾದರೂ ಜೋರಾಗಿ ಹೋದರು ಬಿಡಿ ಅಂದರಂತೆ.

ಪಟ್ಟಿಗೆ ಊರು ಮೂರು ಕಟ್ಟು ಹಾಕಿತ್ತು. ಅಲ್ಲಿ ಹಾಕುವ ಮಾತು ಯಾರಿಗಾದರೂ ನಿಜಕ್ಕೂ ಬೇಕಾದದ್ದಾಗಿರಬೇಕು, ಪ್ರೆಸ್ಸಿನವರು ಹೊತ್ತು ಕಳೆಯಲು ಏನೋ ಒಂದು ಹಾಕುವಂತಿಲ್ಲ. ಕಾಗದ ಒಂದೇ ದಿನ ಮಾತಾಡುತ್ತದೆ, ಹಾಗಾಗಿ ದಿನಾ ಹೊಸತು ಬೇಕು. ಬಿಸಿಲಿದ್ದ ದಿನ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಪಟ್ಟಿ ಒಂದು ಮಾತೂ ಆಡದೆ ಹೋದರೆ, ಅದು ತಮಗೆ ಬೇಕೆಂದು ಮೊದಲು ಕೇಳಿದವರಿಗೆ ಬಿಟ್ಟುಕೊಡಬೇಕು. ನಲವತ್ತು ವರ್ಷದಿಂದ ಪಟ್ಟಿ ಒಂದು ದಿನವೂ ಸುಮ್ಮನಿದ್ದದ್ದಿಲ್ಲ.

ನಾನು ಪ್ರೆಸ್ಸಿಗೆ ಬಂದದ್ದು ಸುಮ್ಮನಿರುವುದಕ್ಕೆ. ಆರನೇ ಕ್ಲಾಸಿನಲ್ಲಿ ಮೇಷ್ಟರು ಎದ್ದು ನಿಂತು ಪಾಠ ಓದು ಅಂದರು. ಓದಲು ಬರುತ್ತಿತ್ತು, ದನಿ ಬರಲಿಲ್ಲ. ಮೂರು ದಿನ ಹಾಗೇ ಎದ್ದು ನಿಂತೆ. ಕಿಟಕಿಯ ಬಿಸಿಲಿಗೆ ಉಳಿದವರ ಕಾಪಿ ಪುಸ್ತಕಗಳೆಲ್ಲ ಕಿಚಪಿಚ ಅನ್ನುತ್ತಿದ್ದವು. ನನ್ನದನ್ನು ನಾನು ಯಾವತ್ತೂ ಬೋರಲು ಹಾಕಿಡುತ್ತಿದ್ದೆ. ನಾಲ್ಕನೇ ದಿನ ಹೋಗಲಿಲ್ಲ. ಅವ್ವ ಸ್ವಲ್ಪ ದಿನ ಬೈದು, ಆಮೇಲೆ ಕೈ ಹಿಡಿದು ತಂದು ಗೌರತ್ತೆಯ ಮುಂದೆ ನಿಲ್ಲಿಸಿದಳು. ಇವಳಿಗೆ ಬಾಯಿಲ್ಲ, ಕೈ ಇದೆ ಅಂದಳು. ನನಗೆ ಬಾಯಿ ಇದೆ, ಕೈ ಹೋಗ್ತಾ ಇದೆ, ಬಿಟ್ಟು ಹೋಗು ಅಂದರು ಗೌರತ್ತೆ. ಅದಾಗಿ ಆರು ವರ್ಷ. ಯಾರದೋ ಮಾತನ್ನು ಇನ್ಯಾರದೋ ದನಿಯಲ್ಲಿ ಕೂರಿಸುವ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಗೌರತ್ತೆ ಹಗಲೆಲ್ಲ ಪಟ್ಟಿಯ ಮೇಲಿಂದ ಮಾತಾಡುತ್ತಿದ್ದರು, ನಾನು ಅವರ ದನಿಯ ಹಿಂದೆ, ಸೆರಗಿನ ಹಿಂದೆ ಮಗು ನಿಂತ ಹಾಗೆ ನಿಂತಿದ್ದೆ.

ಪಟ್ಟಿ ತಮಗೆ ಬೇಕೆಂದು ಮೊದಲು ಕೇಳಿದವರು ಸೋಡಾ ಜವರಪ್ಪನವರು. ಅವರು ಕೆಟ್ಟವರಲ್ಲ. ಗಿರಣಿಯ ಗೋಡೆ ಅವರ ವಶದಲ್ಲಿತ್ತು, ಅದರ ಮೇಲೆ ತಮ್ಮ ಸೋಡಾದ ಹೆಸರು ಬರೆಸಲು ದೂರದಿಂದ ತಗಡಿನ ಅಚ್ಚು ತರಿಸಿದ್ದರು. ಅಕ್ಷರಗಳೇನೋ ಭಾರಿ ಅಗಲ, ಒಂದೊಂದೂ ಮದುವೆ ಊಟ ಮಾಡಿ ಅಡ್ಡಾದ ಗಂಡಸಿನ ಹಾಗೆ. ಬಣ್ಣ ಬಳಿಯುತ್ತ ಬಳಿಯುತ್ತ ‘ಜವರಪ್ಪ ಸೋ’ ಎನ್ನುವ ಹೊತ್ತಿಗೆ ಗೋಡೆ ಮುಗಿದುಹೋಯಿತು. ಅಂದಿನಿಂದ ಆ ಗೋಡೆ ದಿನವಿಡೀ ಯಾವುದೋ ಪರವೂರಿನವನ ದಪ್ಪ ದನಿಯಲ್ಲಿ ‘ಜವರಪ್ಪ ಸೋ’ ಎಂದು ನಿಲ್ಲುತ್ತಿತ್ತು. ಬೀದಿಯ ಮಕ್ಕಳು ‘ಡಾ’ ಸೇರಿಸುತ್ತಿದ್ದವು. ಜನ ಅವರನ್ನು ಜವರಪ್ಪ ಸೋ ಎಂದೇ ಕರೆಯತೊಡಗಿದರು. ಅವರಿಗೆ ಬೇಕಾಗಿದ್ದದ್ದು ಪಕ್ಕದ ಒಂದೂವರೆ ಮೊಳ, ಅದರಲ್ಲಿ ಒಂದು ‘ಡಾ’.

ನನ್ನನ್ನು ಕಂಡಾಗಲೆಲ್ಲ ಅದನ್ನೇ ಹೇಳುತ್ತಿದ್ದರು. “ನಾನೇನ್ ರಾಜ್ಯ ಕೇಳ್ತಾ ಇದೀನಾ ಮಗ? ಒಂದು ಡಾ. ಅಷ್ಟೇ. ಸತ್ತಾಗ ನನ್ ಹೆಸರು ಪೂರ್ತಿ ಇರ್ಬೇಕಲ್ವಾ?”

ನಾನು ತಲೆ ಆಡಿಸುತ್ತಿದ್ದೆ. ಅವರ ಕಷ್ಟವೂ ನಿಜವಾದದ್ದೇ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಗೆದ್ದಲು ಹತ್ತಿತು. ನೆಲಕ್ಕೆ ತಾಗಿದ ಖಾನೆಗೆ ಮೊದಲು ಬಂತು. ಅಕ್ಷರಗಳನ್ನು ವರ್ಣಮಾಲೆಯ ಪ್ರಕಾರ ಮೇಲಿನಿಂದ ಕೆಳಕ್ಕೆ ಇಟ್ಟಿದ್ದರಿಂದ ಆ ಖಾನೆಯಲ್ಲಿದ್ದದ್ದು ಕಡೆಯ ಶ, ಷ, ಸ, ಹ, ಳ. ಎಳೆದರೆ ಖಾನೆಯ ತುಂಬ ಮಣ್ಣು, ಮಣ್ಣಿನೊಳಗೆ ಬಿಸ್ಕತ್ತಿನ ಹಾಗೆ ಮುರಿಯುವ ನಲವತ್ತೊಂದು ಅಚ್ಚು. ರಾಚಪ್ಪನವರು ಅಲ್ಲೇ ಕುಕ್ಕರಿಸಿದರು. ಗೌರತ್ತೆ ಒಂದು ‘ಹ’ವನ್ನು ಎತ್ತಿ ಊದಿದರು. ಅದು ಅರ್ಧ ಹಾರಿಹೋಯಿತು. ಅವರ ಕೈ ನಡುಗುತ್ತಿತ್ತು, ಆದರೆ ಅದು ಎರಡು ವರ್ಷದಿಂದಲೇ ನಡುಗುತ್ತಿತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದದ್ದು ಅದಕ್ಕೇ. ಅವರು ಇನ್ನು ಉಳಿ ಹಿಡಿಯುವ ಹಾಗಿರಲಿಲ್ಲ.

ಆಮೇಲಿನ ಎರಡು ವಾರ ನಾವು ಆ ಅಕ್ಷರಗಳಿಲ್ಲದೆ ಸಂಸಾರ ನಡೆಸಿದೆವು. ‘ನಾಳೆ’ ಇರಲಿಲ್ಲ, ಹಾಗಾಗಿ ‘ಇಂದು ಬಿಟ್ಟು ಮುಂದಿನ ದಿನ’ ಅಂದೆವು. ಹಾಲಿನ ಮಾದಮ್ಮನವರ ನೋಟೀಸಿನಲ್ಲಿ ‘ಹಾಲು’ ಹಾಕಲಾಗದೆ ರಾಚಪ್ಪನವರು ತಲೆ ಕೆರೆದು ಕೆರೆದು ‘ಎಮ್ಮೆ ಕೊಡುವುದು ಇಲ್ಲಿ ದೊರೆಯುತ್ತದೆ’ ಎಂದು ಬರೆದರು. ಜನ ಬುಟ್ಟಿ ಹಿಡಿದುಕೊಂಡು ಸಗಣಿಗೆ ಬಂದರು. ಮಾದಮ್ಮ ಮೂರು ದಿನ ಪ್ರೆಸ್ಸಿನ ಕಡೆ ಮುಖ ಹಾಕಲಿಲ್ಲ. ಬಡಗಿ ಕಾಳಾಚಾರಿ ಒಂದು ‘ಸ’ ಕೊರೆದುಕೊಟ್ಟ. ಅಚ್ಚು ಚೆನ್ನಾಗಿತ್ತು, ಆದರೆ ಆ ವಾರ ಅವನಿಗೆ ದವಡೆಹಲ್ಲಿನ ನೋವು. ‘ಇಂದು ಸಂತೆ ಉಂಟು’ ಎಂದು ಪಟ್ಟಿ ಹೇಳುವಾಗ ಗೌರತ್ತೆಯ ದನಿಯ ನಡುವೆ ‘ಸಂ’ ಮಾತ್ರ ನರಳಿತು. ಸಂತೆಗೆ ಅರ್ಧ ಜನ ಮುಖ ಸಣ್ಣ ಮಾಡಿಕೊಂಡು ಬಂದು, ಯಾರು ಹೋದರು ಎಂದು ಕೇಳಿದರು. ಅಲ್ಲಿಗೆ ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು. ಗಟ್ಟಿಗಿತ್ತಿ ಹೇಳಿದರೆ ನೆಟ್ಟಗಿರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅವಳು ನಿಂತಿದ್ದಳು.

“ನೀನೇ ಕೊರಿಯೇ ನಿಂಗಿ,” ಅಂದರು ಗೌರತ್ತೆ ಒಂದು ದಿನ.

ನಾನು ತಲೆ ಅಡ್ಡ ಆಡಿಸಿದೆ. ಅವರು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ತೊಂದರೆಯಾಯಿತು. ಕೊರೆದರೆ ಸಂತೆಬೀದಿಯ ನಡುವೆ, ಗಿರಣಿಯ ಮುಂದೆ, ದಿನಾ ನನ್ನ ದನಿ. ಮೂರು ದಿನ ಎದ್ದು ನಿಂತರೂ ಹೊರಬಾರದ ದನಿ. ಆದರೆ ಮರದ ಮೇಲಿರುವ ತನಕ ಅಕ್ಷರ ಮೂಗಿಯೇ, ಕಾಗದಕ್ಕೆ ಇಳಿದು ಬಿಸಿಲು ತಾಗಿದರೆ ಮಾತ್ರ ಮಾತು. ಕೊರೆದು ಮುಚ್ಚಿಟ್ಟರೆ ಯಾರಿಗೇನು ಎಂದುಕೊಂಡೆ. ಕೈಗೆ ಬರುತ್ತದೋ ಇಲ್ಲವೋ ನೋಡುವ ಆಸೆಯೂ ಇತ್ತು. ಮನೆಯಲ್ಲಿ ನಾನು ಊಟಕ್ಕೆ ಕೂರುವ ಹಲಸಿನ ಮಣೆ ತಂದು, ಮಧ್ಯಾಹ್ನ ರಾಚಪ್ಪನವರು ಊಟಕ್ಕೆ ಹೋದಾಗ ಪ್ರೆಸ್ಸಿನ ಹಿತ್ತಿಲಿನಲ್ಲಿ ಕೂತು ಕುಯ್ದೆ. ಆರು ವರ್ಷ ದಿನಾ ಮುಖ ತೊಳೆದ ಅಕ್ಷರಗಳು. ಎಲ್ಲಿ ದಪ್ಪ, ಎಲ್ಲಿ ಸಂದಿ, ತಿರುಗುಮುರುಗಾಗಿ ಹೇಗೆ ಕಾಣುತ್ತವೆ ಎಂದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಸ, ಸಾ, ಸಿ, ಸು, ಸೋ, ಎರಡು ಹ, ಒಂದು ಹಾ, ಒಂದು ಳೆ. ಒಂಬತ್ತಕ್ಕೆ ಮಣೆ ಮುಗಿಯಿತು. ಒಂಬತ್ತನ್ನೂ ಚಿಂದಿಯಲ್ಲಿ ಸುತ್ತಿ ಕಾಗದದ ಕಟ್ಟಿನ ಹಿಂದೆ ಇಟ್ಟೆ. ಮನೆಯಲ್ಲಿ ಅವ್ವ ಮಣೆ ಹುಡುಕಿ ಹುಡುಕಿ, ಇಲಿ ತಿಂದಿರಬೇಕು ಅಂದಳು. ನಾನು ಬರೀ ನೆಲದ ಮೇಲೆ ಕೂತು ಉಂಡೆ.

ಮಂಗಳವಾರ ಬೆಳಿಗ್ಗೆ ಯಾರೂ ಏನೂ ತರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ಜವರಪ್ಪನವರು ಪಟ್ಟಿಯ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ಕಾಲ ಬಳಿ ಬಟ್ಟೆ ಸುತ್ತಿದ ಒಂದು ತಗಡು, ಅದರಲ್ಲಿ ಅವರ ‘ಡಾ’. ಪೋಸ್ಟರು ಅಂಟಿಸುವ ಮುನ್ನಾಬಿ ಅಂಟಿನ ಬಕೆಟ್ಟು, ಏಣಿ ಇಟ್ಟುಕೊಂಡು ಪ್ರೆಸ್ಸಿನ ಜಗಲಿಯ ಮೇಲೆ ಕಾಯುತ್ತಿದ್ದಳು. ಆಗಾಗ ಸಂತೆಬೀದಿಗೆ ಹೋಗಿ ಬಂದು ವರದಿ ಕೊಡುತ್ತಿದ್ದಳು: ಕುರ್ಚಿ ಹಾಕವ್ರೆ. ಸೋಡಾ ಹಂಚ್ತಾವ್ರೆ. ಜನ ಸೇರ್ತಾವ್ರೆ. ನನಗೂ ಒಂದು ಕೊಟ್ರು, ಕುಡಿದೆ, ಏನ್ ಮಾಡ್ಲಿ.

ರಾಚಪ್ಪನವರು ಪಂಚಾಂಗ ತೆರೆದುಕೊಂಡು ಓದದೆ ಕೂತಿದ್ದರು. ನಾಲ್ಕೂವರೆಗೆ ಗೌರತ್ತೆ ಎದ್ದು ಬಂದು, ಇಲ್ಲಿರುವವರಿಗೆ ಯಾರಿಗಾದರೂ ಏನಾದರೂ ಬೇಕಾಗಿದೆಯಾ ನೋಡು ಅಂದರು. ನನಗೆ ಈ ಪಟ್ಟಿ ಉಳಿದರೆ ಸಾಕು ಎಂದರು ರಾಚಪ್ಪ. ಪಟ್ಟಿ ತನ್ನನ್ನೇ ತಾನು ಕೇಳಿಕೊಳ್ಳುವ ಹಾಗಿಲ್ಲ, ಅದು ಅವರಿಗೂ ಗೊತ್ತಿತ್ತು. ಮುನ್ನಾಬಿಗೆ ಬೇಕಾದದ್ದು ಒಂದು ಹೊಸ ಏಣಿ. ಅದರಲ್ಲಿ ‘ಹೊ’ ಮತ್ತು ‘ಸ’ ಇದ್ದವು, ಬರೀ ಏಣಿ ಎಂದರೆ ಊರಿನ ಮುರುಕು ಏಣಿಗಳೆಲ್ಲ ಬಂದು ಬೀಳುತ್ತಿದ್ದವು. ಆಗ ಗೌರತ್ತೆ ನನ್ನ ಕಡೆ ತಿರುಗಿದರು.

“ನಿಂಗೇನ್ ಬೇಕೇ ನಿಂಗಿ?”

ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಕೇಳಿದ್ದರೂ ನಾನು ಏನೂ ಬೇಡ ಅಂದಿರುತ್ತಿದ್ದೆ.

“ಆರು ವರ್ಷ ಆಯ್ತು, ಒಂದ್ ಲೋಟ ನೀರೂ ಕೇಳ್ದೋಳಲ್ಲ ನೀನು,” ಎನ್ನುತ್ತ ಗೌರತ್ತೆ ನನ್ನ ಕೈ ಹಿಡಿದು ಉಗುರುಗಳನ್ನು ಬೆಳಕಿಗೆ ತಿರುಗಿಸಿದರು. ಉಗುರಿನ ಸಂದಿ ಹಳದಿಯಾಗಿತ್ತು. “ಹತ್ತು ದಿನದಿಂದ ನೋಡ್ತಾ ಇದೀನಿ. ಅರಿಶಿನ ಹಚ್ಕೋತಾಳೆ, ಯಾರ್ನೋ ಮೆಚ್ಚವ್ಳೆ ಅನ್ಕೊಂಡಿದ್ದೆ. ಮೂಸಿದ್ರೆ ಹಲಸಿನ ಪುಡಿ. ಎಲ್ಲೇ ಇಟ್ಟಿದ್ದೀಯ?”

ಕಾಗದದ ಕಟ್ಟಿನ ಹಿಂದಿನಿಂದ ಚಿಂದಿಯ ಗಂಟು ತಂದು ಬಿಚ್ಚಿದೆ. ರಾಚಪ್ಪನವರು ಪಂಚಾಂಗ ಮುಚ್ಚಿದರು. ಗೌರತ್ತೆ ಒಂದೊಂದನ್ನೂ ಎತ್ತಿ ಹೆಬ್ಬೆರಳಿನಿಂದ ತಡವಿದರು. ಒಂದು ‘ಹ’ದ ಸಂದಿ ಸ್ವಲ್ಪ ಬಿಗಿಯಾಯಿತು ಅಂದರು, ಮಸಿ ತುಂಬಿಕೊಳ್ಳುತ್ತದೆ ಅಂದರು. ಮತ್ತೆ, ಉಳಿದವೆಲ್ಲಿ ಅಂದರು.

“ಮಣೆ ಮುಗೀತು,” ಅಂದೆ. “ಹಲಗೆ ಬೇಕು.”

“ಏನು?”

“ಹಲಸಿನ ಹಲಗೆ. ಇನ್ನೂ ಮೂವತ್ತೆರಡು ಕೊರೀಬೇಕು.”

ಗೌರತ್ತೆ ತಮ್ಮನ ಕಡೆ ನೋಡಿದರು. “ಕೇಳಿದೇನೋ ರಾಚಾ? ಗಿರಾಕಿ ಬಂದವ್ಳೆ. ಬರ್ಕೋ.”

ಮಾತು ಬಾಯಿಂದ ಹೊರಟುಹೋದ ಮೇಲೆ ನನಗೆ ದಿಗಿಲಾಯಿತು. ಗಂಟು ಕಟ್ಟಿಬಿಡಲು ಕೈ ಹಾಕಿದೆ. ಗೌರತ್ತೆ ಅದರ ಮೇಲೆ ತಮ್ಮ ಕೈ ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು.

“ಗಂಟ್ಲನ್ನ ಹೊಟ್ಟೇಲಿಟ್ಕೊಂಡು ಏನ್ ಮಾಡ್ತೀಯೇ, ಉಪ್ಪಿನಕಾಯಿ ಹಾಕ್ತೀಯಾ?” ಎಂದರು. ಆಮೇಲೆ ಸ್ವಲ್ಪ ತಗ್ಗಿಸಿ, “ನನ್ ಪಕ್ಕದಲ್ಲೇ ನಿಲ್ಸು. ಒಂಟಿಯಾಗೇನ್ ಕೂಗೋದಿಲ್ವಲ್ಲ,” ಅಂದರು.

ಜೋಡಿಸಿದೆ. ನಾಲ್ಕು ಪದ, ಹನ್ನೆರಡು ಅಚ್ಚು. ಒಂಬತ್ತು ಅವರವು, ಮೂರು ನನ್ನವು. ಹಳೆಯವು ಮಸಿ ಕುಡಿದು ಕಪ್ಪಾಗಿದ್ದವು, ನನ್ನವು ಹಳದಿ ಹಳದಿ. ರಾಚಪ್ಪನವರು ತಾವೇ ಮಸಿ ಎಳೆದು, ತಾವೇ ಹಿಡಿ ತಿರುಗಿಸಿದರು. ಪ್ರೆಸ್ಸಿನ ಕಿಟಕಿಗಳಿಗೆ ಕಂಬಳಿ ಕಟ್ಟಿರುತ್ತದೆ, ಒಳಗೆ ಬಿಸಿಲಿಲ್ಲ. ಹಾಗಾಗಿ ಅದು ಹೇಗೆ ಕೇಳುತ್ತದೆಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಹಸಿ ಕಾಗದವನ್ನು ಸುರುಳಿ ಸುತ್ತಿ ಎದೆಗವಚಿಕೊಂಡೆ.

“ಬಾರೇ ಬೇಗ, ನನ್ ಅಂಟು ಒಣಗೋಯ್ತದೆ,” ಅಂದಳು ಮುನ್ನಾಬಿ. ಇಬ್ಬರೂ ಓಡಿದೆವು.

ಸಂತೆಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೂ ನಮ್ಮನ್ನು ತಡೆಯಲೆಂದು ನಿಂತವರಲ್ಲ, ನಲವತ್ತು ವರ್ಷ ಮಾತಾಡಿದ ಪಟ್ಟಿ ಸುಮ್ಮನಾಗುವುದನ್ನು ನೋಡಲು ಬಂದವರು. ಬಿಟ್ಟಿ ಸೋಡಾ ಬೇರೆ ಇತ್ತು. ಸೂರ್ಯ ಎದುರು ಸಾಲಿನ ಮನೆಗಳ ಹೆಂಚಿನಿಂದ ಒಂದು ಗೇಣು ಮೇಲಿದ್ದ. ಮುನ್ನಾಬಿ ಏಣಿಯನ್ನು ಅಡ್ಡ ಹಿಡಿದು, ಸರೀರಪ್ಪಾ, ದಾರಿ ಬಿಡೀರಪ್ಪಾ ಎಂದು ಗಂಟಲು ಹರಿದುಕೊಂಡಳು. ಗಿರಣಿ ಓಡುತ್ತಿತ್ತು, ಅಂಗಡಿ ಬೋರ್ಡುಗಳು ಒದರುತ್ತಿದ್ದವು, ‘ಜವರಪ್ಪ ಸೋ’ ಅನ್ನುತ್ತಿತ್ತು ಗೋಡೆ, ‘ಡಾ’ ಅನ್ನುತ್ತಿದ್ದವು ಮಕ್ಕಳು. ಒಬ್ಬರೂ ತಿರುಗಿ ನೋಡಲಿಲ್ಲ. ಏಣಿ ಇಬ್ಬರು ದಪ್ಪ ಗಂಡಸರ ನಡುವೆ ಸಿಕ್ಕಿಕೊಂಡು ನಿಂತುಹೋಯಿತು. ಮುನ್ನಾಬಿ ನನ್ನ ಮುಖ ನೋಡಿದಳು. ಬಿಸಿಲು ಪಟ್ಟಿಯ ಬುಡ ಬಿಟ್ಟು ಮೇಲೇರುತ್ತಿತ್ತು.

ಆಗ ನಾನು ಹೇಳಿದೆ. ಆರು ವರ್ಷ ಅಚ್ಚು ಜೋಡಿಸಿದ್ದ ನನಗೆ ಬೀದಿಯ ಮಾತು ಹೊಳೆಯಲಿಲ್ಲ, ಗೋಡೆಯ ಮಾತೇ ಬಂತು. ನಾಲ್ಕೇ ಪದ.

“ಪಕ್ಕಕ್ಕೆ ಸರಿದು ದಾರಿ ಬಿಡಿ.”

ಜನರೆಲ್ಲ ತಟ್ಟನೆ ತಲೆ ಎತ್ತಿ ಗೋಡೆಗಳನ್ನು ನೋಡಿದರು. ಯಾರೂ ನನ್ನನ್ನು ನೋಡಲಿಲ್ಲ. ನಮ್ಮೂರಿನವರಿಗೆ ಅಂಥ ದನಿ ಕೇಳಿದರೆ ಅದು ಮನುಷ್ಯರದ್ದೆಂದು ಹೊಳೆಯುವುದೇ ಇಲ್ಲ. ಬಳೆ ಅಂಗಡಿಯ ಮೇಲೆ ನೋಡಿದರು, ಗಿರಣಿಯ ಮೇಲೆ ನೋಡಿದರು, ಎಲ್ಲಿ ಹಾಕವ್ರೆ, ಯಾವಾಗ ಹಾಕಿದ್ರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೇಳಿಕೊಳ್ಳುತ್ತಲೇ ಪಕ್ಕಕ್ಕೆ ಸರಿದರು, ಗೋಡೆ ಹೇಳಿದ ಮೇಲೆ ಸರಿಯಬೇಕಲ್ಲ. ಜವರಪ್ಪನವರೂ ಮೇಲೆ ನೋಡುತ್ತ ಎದ್ದು, ಕುರ್ಚಿಯನ್ನು ತಾವೇ ಎತ್ತಿ ಅತ್ತ ಇಟ್ಟರು. ಹೊಟ್ಟೆ ಒಳಗೆಳೆದುಕೊಂಡ ಎರಡು ಸಾಲು ಜನರ ನಡುವೆ ಒಂದೂವರೆ ಮೊಳದಷ್ಟು ದಾರಿ. ಅದರಲ್ಲಿ ನಾನು, ಹಿಂದೆ ಮುನ್ನಾಬಿ, ಅವಳ ಏಣಿ.

ಮುನ್ನಾಬಿ ಏಣಿ ಹತ್ತಿ, ಬಿಸಿಲು ಇನ್ನೂ ಉಳಿದಿದ್ದ ತುದಿಯಲ್ಲಿ ಅಂಟು ಬಳಿದಳು. ನಾನು ಕೆಳಗಿನಿಂದ ಸುರುಳಿ ಚಾಚಿದೆ. ಅವಳು ಬಿಡಿಸಿ ಅಂಗೈಯಿಂದ ಒತ್ತುವ ಮೊದಲೇ ಅದು ಶುರುವಾಯಿತು. ಒಂದು ದನಿ ಗೌರತ್ತೆಯದು, ಊರಿಗೆಲ್ಲ ಪರಿಚಯದ್ದು. ಅದರ ಪಕ್ಕದಲ್ಲಿ ಇನ್ನೊಂದು. ಒಂದು ಎತ್ತಿಕೊಟ್ಟರೆ ಇನ್ನೊಂದು ಇಳಿಸಿಕೊಳ್ಳುತ್ತಿತ್ತು, ಒಂದೇ ಬುಟ್ಟಿಯನ್ನು ಎರಡು ಕಡೆ ಹಿಡಿದು ಇಬ್ಬರು ಹೆಂಗಸರು ನಡೆದುಬಂದ ಹಾಗೆ. ನರಳಲಿಲ್ಲ, ನಡುಗಲಿಲ್ಲ. ಬಿಗಿಯಾದ ‘ಹ’ ಒಂದು ಚೂರು ಉಸಿರು ಹಿಡಿದು ಹೊರಟಿತು, ಅಷ್ಟೆ.

ಜನ ಸೋಡಾ ಬಾಟಲಿ ಹಿಡಿದುಕೊಂಡು ಎರಡು ಮೂರು ಸಲ ಕೇಳಿದರು. ಇದು ಯಾರದಪ್ಪ ಈ ಎರಡನೇದು ಎಂದು ಯಾರೋ ಅಂದರು. ಮುನ್ನಾಬಿ ಏಣಿಯ ಮೇಲಿಂದ ನನ್ನ ಕಡೆ ಬೆರಳು ತೋರಿಸಿದಳು. ಅವರು ನನ್ನ ಹಿಂದಿನ ಗೋಡೆಯನ್ನು ನೋಡಿದರು.

ಜವರಪ್ಪನವರು ತಗಡನ್ನು ಕಂಕುಳಿಗೆ ಸೇರಿಸಿಕೊಂಡರು. “ಡಾ ಇವತ್ತೂ ಇಲ್ಲ ಅನ್ನು,” ಅಂದರು. ಹೋಗುವಾಗ ನನ್ನ ಕೈಗೆ ಒಂದು ಸೋಡಾ ಕೊಟ್ಟು ಹೋದರು.

ಗೌರತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬರುವ ಹೊತ್ತಿಗೆ ಜನ ಅರ್ಧಕ್ಕರ್ಧ ಚದುರಿದ್ದರು. ಬಂದು ನನ್ನ ಪಕ್ಕ ನಿಂತು, ಸೆರಗನ್ನು ಕಿವಿಯಿಂದ ಹಿಂದೆ ಸರಿಸಿ, ಕಣ್ಣು ಮುಚ್ಚಿ ಕೇಳಿದರು. ಅವರ ಇಪ್ಪತ್ತೆರಡು, ನನ್ನ ಹದಿನೆಂಟು.

“ತೆಳ್ಳಗಿರ್ತದೆ ಅನ್ಕೊಂಡಿದ್ದೆ,” ಅಂದರು. “ದಪ್ಪ ಐತಲ್ಲೇ.”

ನಾನೂ ತೆಳ್ಳಗಿರುತ್ತದೆ ಎಂದುಕೊಂಡಿದ್ದೆ. ಸೋಡಾ ಬಾಟಲಿ ಅವರಿಗೆ ಕೊಟ್ಟೆ, ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗಿರಣಿ ನಿಂತಿತು. ಬಳೆ ಅಂಗಡಿಯವರು ಬಾಗಿಲು ಎಳೆದುಕೊಂಡರು. ಹೆಂಗಸರು ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು, ಗಂಡಸರು ಸೈಕಲ್ಲು ತಳ್ಳಿಕೊಂಡು ಪಟ್ಟಿಯ ಮುಂದೆಯೇ ಮನೆಗೆ ಹೋದರು. ತಮ್ಮ ಮನೆಯ ಅಟ್ಟದ ಮೇಲೆ ಹಲಗೆ ಇದೆಯೆಂದು ಯಾರೂ ಅನ್ನಲಿಲ್ಲ, ನಾಳೆ ನೋಡೋಣ ಎಂದೂ ಅನ್ನಲಿಲ್ಲ. ಬೀದಿ ಬರಿದಾಯಿತು. ಪಟ್ಟಿಯ ತುದಿಯಲ್ಲಿ ಅಂಗೈಯಗಲ ಬಿಸಿಲು ಉಳಿದಿತ್ತು, ಅಷ್ಟರಲ್ಲಿ ನಾವಿಬ್ಬರೂ ಇನ್ನೊಂದು ಸಲ ಕೇಳಿದೆವು:

ಹಲಸಿನ ಹಲಗೆ ಇದ್ದರೆ ಕೊಡಿ.